ಗಾಳಿಗೆ ಬಾಡಿಗೆ ಕೊಡದವಳು

ಹೊಸ ಟೂತ್‌ಪೇಸ್ಟ್ ಕೈಗೆ ಸಿಕ್ಕಿದರೆ ಶ್ರಿಯಾನಿ ಮೊದಲು ಅದರ ರಟ್ಟಿನ ಡಬ್ಬಿಯನ್ನು ಕಿತ್ತು ಎಸೆಯುತ್ತಿದ್ದಳು. ಸಾಬೂನಿಗೂ ಅದೇ ಗತಿ, ಬಿಸ್ಕತ್ತಿಗೂ ಅದೇ ಗತಿ. ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಲು ಮಡಚಿ ಕೂತಳೆಂದರೆ, ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗವನ್ನೂ ಖಾಲಿ ಬಿಟ್ಟು ಏಳುವವಳಲ್ಲ. ರೈಸ್ ಕುಕ್ಕರಿನ ಹೊಟ್ಟೆಗೆ ಮಸೂರ ಬೇಳೆ, ಗಂಡನ ಶೂವಿನೊಳಗೆ ಸಾಬೂನು, ಫ್ಲಾಸ್ಕಿನೊಳಗೆ ಸುರುಳಿ ಸುತ್ತಿದ ಮಗಳ ಶಾಲೆಯ ಕಾಲುಚೀಲ. ಎಲ್ಲ ಮುಗಿದ ಮೇಲೆ ಪೆಟ್ಟಿಗೆಗೆ ಕಿವಿಯಿಟ್ಟು ಅಲ್ಲಾಡಿಸುವುದು. ಒಳಗಿನಿಂದ ಸದ್ದು ಬಂತೋ, ಮತ್ತೆ ಬಿಚ್ಚಿ ಮೊದಲಿನಿಂದ.

“ಹಡಗಿನವನು ಪೆಟ್ಟಿಗೆಯ ಅಳತೆಗೆ ದುಡ್ಡು ತಗೊಳ್ತಾನೆ ಅಕ್ಕಾ. ಒಳಗೆ ಗಾಳಿ ಇದ್ದರೆ ಗಾಳಿಗೂ ನಾನೇ ಬಾಡಿಗೆ ಕೊಡಬೇಕು. ಗಾಳಿ ನಮ್ಮ ಊರಿನಲ್ಲಿ ಬೇಕಾದಷ್ಟು ಇದೆ. ಅದೊಂದು ಇದೆ,” ಎನ್ನುತ್ತಿದ್ದಳು.

ಅವಳ ಊರು ಶ್ರೀಲಂಕಾದ ಗಾಲೆಯಿಂದ ಸ್ವಲ್ಪ ಒಳಗೆ. ನಾನು ಅವಳನ್ನು ಕಂಡದ್ದು ದೋಹಾದ ನಜ್ಮಾ ಬಡಾವಣೆಯಲ್ಲಿ, ನಮ್ಮ ಕಟ್ಟಡದ ಕೆಳಗಿದ್ದ ಹಮೀದಾಕನ ಲೇಡೀಸ್ ಟೈಲರ್ ಅಂಗಡಿಯಲ್ಲಿ. ಹಮೀದಾಕ ವಿಟ್ಲದ ಕಡೆಯ ಬ್ಯಾರಿ; ಇಲ್ಲಿಗೆ ಬಂದು ಕೂದಲು ನರೆತವರು. ನಾನು ಮೊದಲ ಸಲ ಬ್ಲೌಸ್ ಹೊಲಿಸಲು ಹೋದಾಗ, “ಇವಳು ಶ್ರಿಯಾನಿ, ಕೈ ಒಳ್ಳೇದುಂಟು” ಎಂದು ಪರಿಚಯಿಸಿದರು. ನಮ್ಮ ಕಾಪು, ಮಲ್ಪೆ ಕಡೆ ಶ್ರೀಯಾನ್ ಎಂದರೆ ಮನೆತನದ ಹೆಸರು. ನಾನು ನಮ್ಮವಳೇ ಯಾರೋ ಎಂದು ಖುಷಿಯಿಂದ ತುಳುವಿನಲ್ಲಿ, ಊರು ಯಾವುದು, ಯಾರ ಮಗಳು ಎಂದೆಲ್ಲ ವಿಚಾರಿಸತೊಡಗಿದೆ. ಅವಳು ಕುತ್ತಿಗೆಗೆ ಟೇಪು ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ನಾನು ಮುಗಿಸುವವರೆಗೂ ತಲೆಯಾಡಿಸಿ, ಆಮೇಲೆ ಸೂಜಿ ತೆಗೆದು, “ಅಕ್ಕಾ, ಹಿಂದಿ ಪ್ಲೀಸ್” ಎಂದಳು.

ಅವಳ ಭಾಷೆಯಲ್ಲೂ ಅಕ್ಕ ಎಂದರೆ ಅಕ್ಕನೇ. ಅದೇ ನಮ್ಮ ನಡುವಿನ ಮೊದಲ ಜಗಳವೂ ಆಯಿತು. ನಾನು ಅವಳನ್ನು ಅಕ್ಕ ಎಂದರೆ ಅವಳಿಗೆ ಸಿಟ್ಟು, “ನಾನು ಚಿಕ್ಕವಳು, ನಿನ್ನ ತೋಳಿನ ಅಳತೆ ನೋಡಿದರೆ ಗೊತ್ತಾಗೋದಿಲ್ಲವಾ?” ಎಂದು. ಅಳತೆಯ ಬ್ಲೌಸ್ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ, “ಇದು ಹೋದ ವರ್ಷದ ಬ್ಲೌಸ್. ಹೋದ ವರ್ಷದ ಅಕ್ಕನನ್ನೂ ಕರೆದುಕೊಂಡು ಬಾ, ಹೊಲಿದು ಕೊಡ್ತೇನೆ” ಎನ್ನುವವಳು. ಅವಳ ಹಿಂದಿಯಲ್ಲಿ ಹೆಂಗಸು ಗಂಡಸು ಎಲ್ಲ ಒಂದೇ. ಮಾತು ಸಾಲದ ಕಡೆ ಅರಬ್ಬಿ ತುಂಬುತ್ತಿದ್ದಳು. ಆದರೂ ಅವಳು ಹೇಳಿದ್ದು ತಿಳಿಯಲಿಲ್ಲ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿ ನಾನು ಅವಳ ಮಾತನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅಷ್ಟರಿಂದಲೇ ಅದು ಸ್ವಲ್ಪ ಸಪ್ಪೆಯಾಯಿತು ಅನಿಸುತ್ತದೆ.

ತೆಂಗಿನಕಾಯಿ ಇಲ್ಲದೆ ಇಬ್ಬರಿಗೂ ಅಡುಗೆ ನಡೆಯುವುದಿಲ್ಲ, ಮೀನಿನ ವಾಸನೆಗೆ ಇಬ್ಬರೂ ಮೂಗು ಮುಚ್ಚುವವರಲ್ಲ. ನಾನು ಶ್ಯಾವಿಗೆ ಒತ್ತಿದ ದಿನ ಒಂದು ತಟ್ಟೆ ಕೆಳಗೆ ಹೋಗುತ್ತಿತ್ತು. ಅವಳು ಕಾಯಿತುರಿಗೆ ಒಣಮೀನು, ಮೆಣಸು, ನಿಂಬೆರಸ ಹಾಕಿ ಹಿಸುಕಿದ್ದು ಒಂದು ಡಬ್ಬಿಯಲ್ಲಿ ಮೇಲೆ ಬರುತ್ತಿತ್ತು. ನಮ್ಮವರು, ಅಂದರೆ ನನ್ನ ಗಂಡ ವಸಂತ, ಅದನ್ನು ಉಣ್ಣುವಾಗ ಮಾತಾಡುತ್ತಿರಲಿಲ್ಲ. ಅವರು ಏನನ್ನಾದರೂ ಮೆಚ್ಚಿದರು ಎಂದು ತಿಳಿಯುವುದು ಹಾಗೆಯೇ.

ಶ್ರಿಯಾನಿಯ ಒಂದು ಕಿವಿ ಯಾವಾಗಲೂ ಗಾಲೆಯಲ್ಲಿರುತ್ತಿತ್ತು. ತಲೆವಸ್ತ್ರದೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮನೆಯ ಕರೆ ತೆರೆದೇ ಇಟ್ಟಿರುವಳು. ಮಾತಾಡಲೇಬೇಕೆಂದಿಲ್ಲ. ಅಲ್ಲಿ ಮಗಳು ನೇತ್ಮಿ ಶಾಲೆಯಿಂದ ಬಂದದ್ದು, ಪಾತ್ರೆ ಇಟ್ಟದ್ದು, ನಾಯಿ ಬೊಗಳಿದ್ದು ಕೇಳಿದರೆ ಸಾಕು. ಹೊಲಿಯುತ್ತಿದ್ದ ಹಾಗೆಯೇ, “ಆ ಪಾತ್ರೆ ಮುಚ್ಚು” ಎಂದು ಅವಳ ಭಾಷೆಯಲ್ಲಿ ಗದರುವಳು. ಎದುರು ಕೂತ ಗಿರಾಕಿ ಬೆಚ್ಚಿ ಬೀಳುವಳು. ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ತಪ್ಪದೆ ನುಂಗಿದರೆ ಏನೂ ಇಲ್ಲ, ಎಲ್ಲ ಮಕ್ಕಳ ಹಾಗೆ. ತಪ್ಪಿದರೆ ನಿಂತಲ್ಲೇ ಬೀಳುತ್ತಾಳೆ. ಶ್ರಿಯಾನಿ ಆ ತೆರೆದ ಫೋನಿನಲ್ಲಿ ಕಾಯುತ್ತಿದ್ದದ್ದು ಬೇರೇನನ್ನೂ ಅಲ್ಲ, ಬೀಳುವ ಸದ್ದನ್ನು. “ಇವತ್ತು ಬೀಳಲಿಲ್ಲ” ಎಂದು ಸಂಜೆ ಇಯರ್‌ಫೋನ್ ತೆಗೆದು ಸುತ್ತಿಡುವಾಗ ಅವಳ ಮುಖ ನೋಡಬೇಕಿತ್ತು.

ಅವಳ ದೇಶಕ್ಕೆ ಕೆಟ್ಟ ಕಾಲ ಬಂದದ್ದು ನಮಗೆ ಟಿವಿಯಿಂದಲ್ಲ, ಆ ಕಿವಿಯಿಂದಲೇ ಗೊತ್ತಾಯಿತು. ಮೊದಲು ಹಾಲಿನಪುಡಿ ಇಲ್ಲ ಎಂದಳು. ಆಮೇಲೆ ಅಡುಗೆ ಗ್ಯಾಸ್. “ಗ್ಯಾಸ್ ಮಾಫಿ, ಪೆಟ್ರೋಲ್ ಮಾಫಿ, ಕರೆಂಟ್ ಮಾಫಿ, ಶಾಲೆಯಲ್ಲಿ ಪರೀಕ್ಷೆ ಬರೆಸಲು ಪೇಪರ್ ಮಾಫಿ,” ಎಂದು ಬೆರಳು ಮಡಚುವಳು; ಮಾಫಿ ಎಂದರೆ ಅರಬ್ಬಿಯಲ್ಲಿ ಇಲ್ಲ ಎಂದು. ಅವಳ ಗಂಡ ರಂಜಿತ್ ಆಟೋ ಓಡಿಸುವವನು. ಈಗ ಓಡಿಸುವುದು ನಿಂತು, ಪೆಟ್ರೋಲ್ ಬಂಕಿನ ಮುಂದೆ ಆಟೋವನ್ನು ಸಾಲಿನಲ್ಲಿ ತಳ್ಳುವುದೇ ಕೆಲಸವಾಯಿತು. ಸಾಲಿನಲ್ಲೇ ಊಟ, ಸಾಲಿನಲ್ಲೇ ನಿದ್ದೆ. ಒಮ್ಮೆ ಅವಳು ನನ್ನ ಬೆನ್ನಿನ ಅಳತೆ ತೆಗೆಯುತ್ತಿದ್ದವಳು ಒಮ್ಮೆಲೇ ಜೋರಾಗಿ ಏನೋ ಕೂಗಿ ಮುಂದಕ್ಕೆ ಕೈ ಬೀಸಿದಳು. ನಾನು ಗಾಬರಿಯಿಂದ ಎರಡು ಹೆಜ್ಜೆ ಮುಂದೆ ಹೋದೆ. ಟೇಪು ಅವಳ ಕೈಯಿಂದ ಜಾರಿತು.

“ನಿನಗಲ್ಲ ಅಕ್ಕಾ! ಸಾಲು ಮುಂದೆ ಹೋಗಿದೆ, ಇವನು ಮಲಗಿದ್ದಾನೆ. ಎದ್ದು ತಳ್ಳು ಅಂದೆ.”

ಹಮೀದಾಕ ಮೇಜಿನ ಹಿಂದಿನಿಂದ, “ಶಶಿಯಕ್ಕಾ, ನಿಮಗೆ ಪೆಟ್ರೋಲ್ ಸಿಕ್ಕಿತಾ?” ಎಂದು ಕೇಳಿದರು. ಎಲ್ಲರೂ ನಕ್ಕೆವು. ನಗುವಾಗಲೂ ಅವಳ ಬೆರಳು ಇಯರ್‌ಫೋನನ್ನು ಒತ್ತಿ ಹಿಡಿದಿತ್ತು.

ನಮ್ಮವರಿಗೆ ಆಹಾರದ ಸಾಮಾನು ತರಿಸುವ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಕೊಲಂಬೊದಿಂದ ಚಹಾ, ತೆಂಗಿನಪುಡಿ ಬರುತ್ತಿತ್ತು. ಒಂದು ದಿನ ಅವಳು ಡಬ್ಬಿ ವಾಪಸು ಕೊಡಲು ಮೇಲೆ ಬಂದಾಗ ಅವರು ತಮ್ಮ ಅಭ್ಯಾಸದಂತೆ ವಿವರಿಸಲು ಕೂತರು. ದೇಶದ ಹತ್ತಿರ ಡಾಲರ್ ಮುಗಿದರೆ ಏನಾಗುತ್ತದೆ, ಗ್ಯಾಸ್ ತುಂಬಿದ ಹಡಗು ಬಂದರಿನ ಹೊರಗೆ ಬಂದು ನಿಂತರೂ ದುಡ್ಡು ಕಟ್ಟದೆ ಸರಕನ್ನು ಏಕೆ ಇಳಿಸುವುದಿಲ್ಲ, ಔಷಧಿಯೂ ಹಾಗೆಯೇ. ಅವಳು ಸೋಫಾದ ಅಂಚಿನಲ್ಲಿ ಕೂತು ಪೂರ್ತಿ ಕೇಳಿದಳು.

“ಹಾಗಾದರೆ ಸರ್, ನಾನು ಮನಿ ಎಕ್ಸ್‌ಚೇಂಜಿನಿಂದ ಕಳಿಸಿದರೆ ಅದು ಡಾಲರ್ ಆಗಿ ಹೋಗುತ್ತದಾ?”

“ಹೌದು. ಬ್ಯಾಂಕ್ ಮೂಲಕ ಕಳಿಸಿದರೆ ದೇಶಕ್ಕೆ ಡಾಲರ್ ಸಿಗ್ತದೆ. ಕೈಯಿಂದ ಕೈಗೆ ಕಳಿಸಿದರೆ ನಿಮಗೆ ನಾಲ್ಕು ಕಾಸು ಹೆಚ್ಚು, ದೇಶಕ್ಕೆ ಇಲ್ಲ.”

ಆಗ ಅವಳ ರೂಮಿನ ಹುಡುಗಿಯರೆಲ್ಲ ಕೈಯಿಂದ ಕೈಗೇ ಕಳಿಸುತ್ತಿದ್ದರು. ಇವಳೊಬ್ಬಳು ಆ ಬಿಸಿಲಲ್ಲಿ ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತು ಕಳಿಸತೊಡಗಿದಳು. ರೂಮಿನವರು ಆಡಿಕೊಂಡರಂತೆ, ನಿನ್ನ ಡಾಲರಿನಿಂದ ಮಂತ್ರಿಯ ಕಾರಿಗೆ ಪೆಟ್ರೋಲ್ ಹಾಕಿಸ್ತಾರೆ ಕಣೇ ಎಂದು. “ಇರಲಿ,” ಎಂದಳು ನನ್ನ ಹತ್ತಿರ, “ಹಾಕಿಸಲಿ. ಅದರಲ್ಲಿ ಉಳಿದದ್ದು ಒಂದು ಡಾಲರ್ ಮಾತ್ರೆಯ ಹಡಗಿಗೆ ಹೋದರೂ ಹೋಗಬಹುದಲ್ಲ ಅಕ್ಕಾ.” ಅದನ್ನು ಅವಳು ತಮಾಷೆಗೆ ಹೇಳಲಿಲ್ಲ. ಗಾಲೆಯ ಔಷಧಿ ಅಂಗಡಿಗಳಲ್ಲಿ ಫಿಟ್ಸಿನ ಮಾತ್ರೆ ಆಗಲೇ ಕಡಿಮೆಯಾಗಿತ್ತು.

ನನಗೂ ಅದೊಂದು ಅಂಟುರೋಗದ ಹಾಗೆ ಹತ್ತಿಕೊಂಡಿತು. ಸೂಪರ್‌ಮಾರ್ಕೆಟ್ಟಿಗೆ ಹೋದರೆ ಒಂದು ಹಾಲಿನಪುಡಿ, ಒಂದು ಅಕ್ಕಿ ಚೀಲ ಹೆಚ್ಚಿಗೆ ತರುತ್ತಿದ್ದೆ. ಹಿಂದೊಮ್ಮೆ ಸುತ್ತಲಿನ ದೇಶಗಳು ಗಡಿ ಮುಚ್ಚಿದಾಗ ಇಲ್ಲಿ ನಾವೂ ಹಾಲಿನ ಕಪಾಟಿನ ಮುಂದೆ ನುಗ್ಗಾಡಿದವರೇ. ಆಗ ಎರಡು ದಿನದಲ್ಲಿ ವಿಮಾನದಲ್ಲಿ ಹಾಲು ಬಂತು. ದುಡ್ಡಿದ್ದ ದೇಶ, ಬಂತು. ಇಲ್ಲದಿದ್ದರೆ? ಪಾತ್ರೆ ತೊಳೆಯುವಾಗ ಇದೇ ಯೋಚನೆ.

ಒಂದು ಮಧ್ಯಾಹ್ನ ಕೆಳಗೆ ಹೋದರೆ ಅವಳು ಮೆಷಿನ್ನಿನ ಮುಂದೆ ಹೊಲಿಯದೆ ಕೂತಿದ್ದಳು. ಮಾತ್ರೆ ಸಿಗದೆ ರಂಜಿತ್ ತನ್ನಷ್ಟಕ್ಕೆ ತಾನೇ ಒಂದನ್ನು ಎರಡು ಮಾಡಿ ಅರ್ಧರ್ಧ ಕೊಡುತ್ತಿದ್ದನಂತೆ. ಹೆಂಡತಿಗೆ ಹೇಳಿರಲಿಲ್ಲ. ಫೋನಿನಲ್ಲಿ ಚಾಕುವಿನ ಸದ್ದು ಕೇಳಿ ಇವಳೇ ಹಿಡಿದಳು.

“ಏನು ಹೆಚ್ಚುತ್ತಿದ್ದೀ ಅಂದೆ. ಈರುಳ್ಳಿ ಅಂದ. ಈರುಳ್ಳಿ ಹಾಗೆ ಟಕ್ ಅನ್ನುತ್ತದಾ ಅಕ್ಕಾ?”

ಆ ದಿನದಿಂದ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಹಡಗಿನ ಪೆಟ್ಟಿಗೆಯಲ್ಲಿ ಕಳಿಸುವ ಹಾಗಿಲ್ಲ. ಮೊದಲು ಕಳಿಸಿದ್ದೇ ಡೀಸೆಲ್ ಇಲ್ಲದೆ ಕೊಲಂಬೊದ ಗೋಡೌನಿನಲ್ಲಿ ಬಿದ್ದಿತ್ತು. ಹೋಗುವವರ ಕೈಯಲ್ಲೇ ಕಳಿಸಬೇಕು. ನಜ್ಮಾದ ಒಂದು ಕ್ಲಿನಿಕ್ಕಿನ ಮಲಯಾಳಿ ಡಾಕ್ಟರಮ್ಮನ ಕಾಲು ಹಿಡಿದು, ಗಾಲೆಯ ಆಸ್ಪತ್ರೆಯ ಕಾಗದಗಳನ್ನು ಮೊಬೈಲಿನಲ್ಲಿ ತೋರಿಸಿ ಚೀಟಿ ಬರೆಸಿಕೊಂಡಳು. ರಜೆಗೆ ಊರಿಗೆ ಹೋಗಲು ಕೂಡಿಟ್ಟ ದುಡ್ಡನ್ನೆಲ್ಲ ಹಾಕಿ ಮಾತ್ರೆ ಕೊಂಡಳು. ಅದೇ ವಾರ ನಮ್ಮವರಿಗೆ ಕಂಪನಿಯ ಕೆಲಸದ ಮೇಲೆ ಕೊಲಂಬೊಗೆ ಹೋಗುವುದು ಗೊತ್ತಾಯಿತು. ಅಲ್ಲಿನ ವ್ಯಾಪಾರಿಯ ಸರಕು ಲಾರಿ ಇಲ್ಲದೆ ಬಂದರಿಗೇ ತಲುಪಿರಲಿಲ್ಲ. ನಾನು ಹೇಳಿದ್ದೇ ತಡ, ಶ್ರಿಯಾನಿ ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದುಕೊಂಡಳು.

ಗುರುವಾರ ಸಂಜೆ ಹಬ್ಬಕ್ಕೆ ಬಂದವಳ ಹಾಗೆ ಒಳ್ಳೆಯ ಸೀರೆಯುಟ್ಟು ಪೊಟ್ಟಣ ಹಿಡಿದು ಬಂದಳು. ವಿಮಾನ ಶುಕ್ರವಾರ ಮಧ್ಯಾಹ್ನ. ನಮ್ಮವರಿಗೆ ಒಂದು ಕಟ್ಟುನಿಟ್ಟು ಇದೆ: ಇನ್ನೊಬ್ಬರ ಪೊಟ್ಟಣವನ್ನು ತಮ್ಮ ಕೈಯಾರೆ ಬಿಚ್ಚಿ ನೋಡದೆ ಬ್ಯಾಗಿಗೆ ಹಾಕುವುದಿಲ್ಲ. ಯಾರದೋ ಉಪ್ಪಿನಕಾಯಿ ಬಾಟಲಿ ಹಿಡಿದುಕೊಂಡು ಹೋಗಿ ಜೈಲು ಸೇರಿದವನ ಕತೆ ಗಲ್ಫಿನಲ್ಲಿ ಕೇಳದವರಿಲ್ಲ. ನನ್ನ ತಂಗಿಯ ಪೊಟ್ಟಣವನ್ನೂ ಅವರು ಬಿಚ್ಚಿದವರೇ. “ತಪ್ಪು ತಿಳಿಯಬೇಡಮ್ಮ” ಎಂದು ಶ್ರಿಯಾನಿಯ ಪೊಟ್ಟಣವನ್ನೂ ಊಟದ ಮೇಜಿನ ಮೇಲಿಟ್ಟು ಬಿಚ್ಚಿದರು. ಸಾಬೂನು, ಮಗಳ ಅಂಗಿ, ಒಂದು ಹಾಲಿನಪುಡಿ ಡಬ್ಬಿ.

“ಮಾತ್ರೆ ಎಲ್ಲಿ?”

ಶ್ರಿಯಾನಿ ಹೆಮ್ಮೆಯಿಂದ ಹಾಲಿನಪುಡಿ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕೈಯಿಳಿಸಿ, ಪುಡಿ ಮೆತ್ತಿದ ಒಂದು ಪ್ಲಾಸ್ಟಿಕ್ ಚೀಲ ಎಳೆದಳು. ಚೀಲದ ತುಂಬ ಬಿಡಿ ಬಿಳಿ ಮಾತ್ರೆಗಳು. ಮಾತ್ರೆಯ ರಟ್ಟಿನ ಪೆಟ್ಟಿಗೆ ಎಸೆದಿದ್ದಳು. ಪೆಟ್ಟಿಗೆಯೊಳಗಿನ ಪಟ್ಟಿಗಳಿಂದ ಒಂದೊಂದೇ ಮಾತ್ರೆಯನ್ನು ಒತ್ತಿ ಒತ್ತಿ ಬಿಡಿಸಿದ್ದಳು.

“ಪೆಟ್ಟಿಗೆಯಲ್ಲಿದ್ದರೆ ಇಷ್ಟು ದೊಡ್ಡದಿತ್ತು ಸರ್,” ಎಂದು ಎರಡು ಕೈ ಅಗಲಿಸಿ ತೋರಿಸಿದಳು. “ಎಲ್ಲ ಗಾಳಿ. ನಿಮಗೆ ಭಾರ ಆಗಬಾರದಲ್ಲ. ಮತ್ತೆ ನಮ್ಮ ಏರ್‌ಪೋರ್ಟಿನಲ್ಲಿ ಮಾತ್ರೆ ಕಂಡರೆ ಈಗ ಯಾರೂ ಬಿಡೋದಿಲ್ಲ, ಚಿನ್ನದ ಹಾಗೆ. ಅದಕ್ಕೆ ಪುಡಿಯೊಳಗೆ ಇಟ್ಟೆ.”

ನಮ್ಮವರ ಮುಖ ಆ ಹಾಲಿನಪುಡಿಯ ಬಣ್ಣಕ್ಕೆ ಬಂತು.

“ಬಿಳಿ ಪುಡಿಯೊಳಗೆ ಬಿಳಿ ಮಾತ್ರೆ! ಹೆಸರಿಲ್ಲ, ಲೇಬಲ್ ಇಲ್ಲ. ಏರ್‌ಪೋರ್ಟಿನವರು ಇದನ್ನು ಏನು ಅಂದುಕೊಳ್ತಾರೆ ಹೇಳು? ನನ್ನನ್ನು ಒಳಗೆ ಹಾಕಿಸ್ತೀಯಾ ನೀನು?”

“ಫಿಟ್ಸಿನ ಮಾತ್ರೆ ಸರ್! ದೇವರಾಣೆ!”

“ನನಗೆ ಗೊತ್ತು. ಅವರಿಗೆ ಗೊತ್ತಾ?”

ಅವಳು ಒಂದು ಮಾತ್ರೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿಯೇಬಿಟ್ಟಳು. “ನೋಡಿ. ವಿಷ ಅಲ್ಲ. ನಶೆ ಅಲ್ಲ.”

“ನನ್ನೆದುರು ನುಂಗಿದರೆ ಏನು ಬಂತಮ್ಮ? ನಾಳೆ ಅಲ್ಲಿ ನುಂಗಿ ತೋರಿಸಲು ನೀನು ಬರ್ತೀಯಾ?”

ಅವಳು ನನ್ನ ಕಡೆ ತಿರುಗಿ, ತೀರ ಸಣ್ಣ ಸ್ವರದಲ್ಲಿ, “ಅಕ್ಕಾ, ನಾನು ನೇತ್ಮಿಯ ಒಂದು ಮಾತ್ರೆ ತಿಂದುಬಿಟ್ಟೆ” ಎಂದಳು. ಅಷ್ಟು ಹೊತ್ತು ಅಳದಿದ್ದವಳು ಆಗ ಅತ್ತಳು.

ನಾನು ಮಾಡಿಟ್ಟ ಕಾಫಿ ಯಾರೂ ಕುಡಿಯಲಿಲ್ಲ. ನಾನು ಅವಳನ್ನು ಕರೆದುಕೊಂಡು ಔಷಧಿ ಅಂಗಡಿಗೆ ಓಡಿದೆ. ಅಲ್ಲಿದ್ದವನು ಒಳ್ಳೆಯ ಹುಡುಗನೇ. ಆದರೆ ಪಟ್ಟಿಯಲ್ಲಿ ಮಾರಿದ ಮಾತ್ರೆ ಬಿಡಿಯಾಗಿ ವಾಪಸು ಬಂದರೆ ಅದು ಅದೇ ಮಾತ್ರೆ ಎಂದು ನಾನು ಹೇಗೆ ಬರೆದು ಮೊಹರು ಹಾಕಿಕೊಡಲಿ ಎಂದ. ಹೊಸದಾಗಿ ಕೊಡೋಣವೆಂದರೆ ಆ ಚೀಟಿಗೆ ಆಗಲೇ ಕೊಟ್ಟಾಗಿದೆ. ಡಾಕ್ಟರಮ್ಮ ಶುಕ್ರವಾರ, ಶನಿವಾರ ಬರುವುದಿಲ್ಲ. ಫೋನ್ ಎತ್ತಲಿಲ್ಲ. ಅಂಗಡಿಯವನು ಹೇಳಿದ್ದು ಸರಿ, ನಮ್ಮವರು ಹೇಳಿದ್ದು ಸರಿ, ಡಾಕ್ಟರಮ್ಮನಿಗೂ ರಜೆ ಬೇಕು. ಆ ಸಂಜೆ ಎಲ್ಲರೂ ಸರಿಯಾಗಿಯೇ ಇದ್ದರು, ಮಾತ್ರೆ ಮಾತ್ರ ಹೋಗಲಿಲ್ಲ.

ಸಾಬೂನು, ಅಂಗಿ, ನಾವು ಕೊಂಡ ಹೊಸ ಹಾಲಿನಪುಡಿ ಇಷ್ಟನ್ನು ಹಿಡಿದುಕೊಂಡು ನಮ್ಮವರು ಹೋದರು. ಬಂದ ಮೇಲೆ ಕೊಲಂಬೊದ ಸುದ್ದಿ ಹೇಳಲೇ ಇಲ್ಲ. ಕೇಳಿದರೆ ಹೋಟೆಲಿನಲ್ಲಿ ಊಟಕ್ಕೆ ತೊಂದರೆಯಿರಲಿಲ್ಲ ಎಂದರು. ಎರಡು ದಿನ ಬಿಟ್ಟು, ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದಾಗ ತಾವಾಗಿಯೇ ಹೇಳಿದರು.

“ಆ ರಂಜಿತ್ ಬಂದಿದ್ದ. ಬಸ್ಸಿಲ್ಲ, ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಬಂದನಂತೆ. ಕರೆಂಟಿಲ್ಲದೆ ಅವನ ಫೋನ್ ಸತ್ತು ಹೋಗಿತ್ತು. ಇವಳು ಮಾತ್ರೆ ಇಲ್ಲ ಅಂತ ಕಳಿಸಿದ ಮೆಸೇಜು ಅವನಿಗೆ ಸಿಕ್ಕಿಯೇ ಇರಲಿಲ್ಲ. ನನ್ನೆದುರಿಗೇ ಚೀಲ ಬಿಚ್ಚಿ ನೋಡಿದ. ಅಂಗಿ ಕೊಡವಿದ. ಸಾಬೂನನ್ನೂ ಎತ್ತಿ ನೋಡಿದ. ಆಮೇಲೆ ಹಾಲಿನಪುಡಿ ಡಬ್ಬಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.”

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಅವರು ಬಾಲ್ಕನಿಗೆ ಹೋದರು.

ಅದಾಗಿ ವಾರ ಕಳೆದಿರಬೇಕು. ಅಂಗಡಿಯಲ್ಲಿ ಪೆರ್ನಾಲಿನ, ಅಂದರೆ ಈದ್ ಹಬ್ಬದ, ಹೊಲಿಗೆಯ ರಾಶಿ ಬಿದ್ದಿತ್ತು. ಬುರ್ಖಾ, ಗೌನು, ಮಕ್ಕಳ ಬಟ್ಟೆ, ಕಾಲಿಡಲು ಜಾಗವಿಲ್ಲ. ನಾನು ಫಾಲ್ ಹಚ್ಚಲು ಕೊಟ್ಟ ಸೀರೆ ಕೇಳಲು ಹೋದವಳು ಬಾಗಿಲಲ್ಲೇ ನಿಂತೆ. ಶ್ರಿಯಾನಿಯ ಮೆಷಿನ್ ಓಡುತ್ತಲೇ ಇತ್ತು, ಬಟ್ಟೆ ಮುಗಿದು ಸೂಜಿ ಬರಿಯ ಹಲಗೆಯ ಮೇಲೆ ಕುಟ್ಟುತ್ತಿತ್ತು. ಅವಳ ಕೈ ಕಿವಿಯ ಮೇಲಿತ್ತು. ಹಮೀದಾಕ ಓಡಿ ಬಂದು ಸ್ವಿಚ್ ಆರಿಸಿದರು.

ಅವಳ ಊರಿನ ಮನೆಯಲ್ಲಿ ಗ್ಯಾಸಿಲ್ಲದೆ ಅಂಗಳದಲ್ಲಿ ಮೂರು ಕಲ್ಲಿಟ್ಟು ಸೌದೆ ಉರಿಸುತ್ತಿದ್ದರು. ನೇತ್ಮಿ ಅನ್ನ ನೋಡಲು ಹೋದವಳು ಅಲ್ಲಿಯೇ ಬಿದ್ದಿದ್ದಳು. ಪಕ್ಕದ ಮನೆಯಾಕೆ ಎಳೆದುಕೊಂಡಳು. ಮೊಣಕೈ ಸುಟ್ಟಿತು, ಬೇರೇನೂ ಆಗಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಶ್ರಿಯಾನಿಗೆ ಕೇಳಿಸಿದ್ದು ಸದ್ದು ಒಂದೇ, ಅದರ ಹಿಂದೆ ಯಾರದೋ ಚೀರಾಟ, ಆಮೇಲೆ ಕರೆ ಕಟ್ಟಾದದ್ದು. ಮತ್ತೆ ಫೋನ್ ಸಿಗುವವರೆಗೆ ಅವಳು ಅಂಗಡಿಯೊಳಗೆ ಬಟ್ಟೆಯ ರಾಶಿಗಳ ನಡುವೆ ನಡೆದಾಡಿದ ರೀತಿಯನ್ನು ನಾನು ಬರೆಯಲಾರೆ.

ಸಿಕ್ಕಿದ ಮೇಲೆ ಮುಖ ತೊಳೆದು ಬಂದು, “ಹಮೀದ್ ಭಾಯ್, ನಾನು ಹೋಗ್ತೇನೆ. ಟಿಕೆಟ್ ಮಾಡಿಸಿ” ಎಂದಳು.

“ಪೆರ್ನಾಲ್ ಮುಗಿಸಿ ಹೋಗು ಮಾರಾಯ್ತಿ. ಸೀಸನ್ ನೋಡು.”

“ಮಗಳಿಗೆ ಸೀಸನ್ ಇಲ್ಲ.”

“ಅಲ್ಲಿ ಹೋಗಿ ಏನು ಮಾಡ್ತೀ? ಅಲ್ಲಿನವರು ಪಾಸ್‌ಪೋರ್ಟ್ ಆಫೀಸಿನ ಮುಂದೆ ಹಗಲು ರಾತ್ರಿ ಸಾಲು ನಿಂತಿದ್ದಾರೆ, ಹೇಗಾದರೂ ಹೊರಗೆ ಬರಬೇಕು ಅಂತ. ನೀನು ಒಬ್ಬಳು ಒಳಗೆ ಹೋಗುವವಳು! ಇಲ್ಲಿ ಇದ್ದು ಕಳಿಸಿದರೆ ಅಲ್ಲವಾ ಅವರು ಉಣ್ಣುವುದು?”

“ಕಳಿಸಿದ್ದು ಉಣ್ತಾರೆ ಭಾಯ್. ಆದರೆ ಮಾತ್ರೆಯನ್ನು ಯಾರೂ ಒಯ್ಯೋದಿಲ್ಲ. ನನ್ನ ಬ್ಯಾಗು ನಾನೇ ಹಿಡಿದುಕೊಂಡು ಹೋಗ್ತೇನೆ. ಅದನ್ನು ಬೇಡ ಅನ್ನುವವರು ಯಾರು?”

ನಾನು ನಮ್ಮವರ ಪರವಾಗಿ ಏನಾದರೂ ಹೇಳಬೇಕು ಅಂದುಕೊಂಡೆ. ಅವಳೇ ನನ್ನ ತೋಳು ತಟ್ಟಿ, “ಸರ್ ಮೇಲೆ ಕೋಪ ಇಲ್ಲ ಅಕ್ಕಾ. ನನ್ನ ಗಂಡ ಯಾರದೋ ಬಿಡಿ ಮಾತ್ರೆ ಹಿಡಿದುಕೊಂಡು ಹೊರಟಿದ್ದರೆ ನಾನು ಅವನ ಕಾಲು ಮುರೀತಿದ್ದೆ” ಎಂದಳು.

ಆದರೆ ನಮ್ಮವರು ಆ ವಾರ ಸುಮ್ಮನೆ ಕೂರಲಿಲ್ಲ. ಆಫೀಸಿಗೆ ರಜೆ ಹಾಕಿ ಶ್ರಿಯಾನಿಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಹೊಸ ಚೀಟಿ, ಅದರ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿದರು. ಕೊಂಡ ಮಾತ್ರೆಗಳ ಪೆಟ್ಟಿಗೆಯನ್ನು ಅವಳ ಕೈಗೆ ಕೊಡದೆ ತಾವೇ ಹಿಡಿದುಕೊಂಡರು, ಎಲ್ಲಿ ಮತ್ತೆ ಬಿಚ್ಚುತ್ತಾಳೋ ಎಂದು. ಬಿಲ್ಲು, ಚೀಟಿ, ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, “ಯಾರು ಕೇಳಿದರೂ ಮೊದಲು ಇದು ತೋರಿಸು. ಮಾತಾಡಬೇಡ” ಎಂದು ನಾಲ್ಕು ಸಲ ಹೇಳಿದರು.

“ಮಾತಾಡದೆ ಹೇಗೆ ಸರ್?”

“ನೀನು ಮಾತಾಡಿದರೆ ಅವರಿಗೆ ಡೌಟ್ ಬರ್ತದೆ.”

ಬಿಡಿ ಮಾತ್ರೆಗಳ ಆ ಚೀಲವನ್ನು ಅವಳು ನನ್ನ ಕೈಯಲ್ಲಿಟ್ಟಳು. “ನೀನೇ ಬಿಸಾಡು ಅಕ್ಕಾ. ನನ್ನ ಕೈಯಲ್ಲಿ ಆಗೋದಿಲ್ಲ.” ಒಂದೊಂದೂ ನೇತ್ಮಿಯ ಅರ್ಧ ದಿನ. ನಾನು ಔಷಧಿ ಅಂಗಡಿಯ ಹಳೆ ಮದ್ದಿನ ಡಬ್ಬಿಗೆ ಅದನ್ನು ಸುರಿಯುವಾಗ ಬೇರೆ ಕಡೆ ನೋಡಿದೆ.

ಹೊರಟ ದಿನ ನಾವೇ ಏರ್‌ಪೋರ್ಟಿಗೆ ಬಿಟ್ಟೆವು. ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು, ಅವಳು ಮೈಮೇಲೆ ಒಂದರ ಮೇಲೊಂದು ಮೂರು ಅಂಗಿ, ಮೇಲೆ ಜಾಕೆಟ್ಟು ಹಾಕಿಕೊಂಡು ಬಂದಿದ್ದಳು. ಬ್ಯಾಗಿನಲ್ಲಿ ತನ್ನ ಬಟ್ಟೆಗೆ ಜಾಗವಿಲ್ಲ. ಜಾಕೆಟ್ಟಿನ ಕಿಸೆಗಳಲ್ಲಿ ಬ್ಯಾಟರಿ, ಮೇಣದಬತ್ತಿ, ನೂಲಿನ ಉಂಡೆ. ಕಾರಿನಲ್ಲಿ ಎಸಿ ಪೂರ್ತಿ ತಿರುಗಿಸಿದರೂ ಬೆವರು ಇಳಿಯುತ್ತಿತ್ತು.

“ಸೆಕ್ಯುರಿಟಿಯಲ್ಲಿ ಜಾಕೆಟ್ ತೆಗೆ ಅಂತಾರಲ್ಲ,” ಎಂದೆ.

“ತೆಗೀತೇನೆ. ಒಳಗೆ ಇನ್ನೊಂದುಂಟು.” ‘ಉಂಟು’ ಎಂಬ ನಮ್ಮ ಮಾತನ್ನು ಅವಳು ಹಮೀದಾಕನಿಂದ ಕಲಿತಿದ್ದಳು.

ಬಾಗಿಲ ಹತ್ತಿರ ನಮ್ಮವರು ಟ್ರಾಲಿ ತಳ್ಳಿಕೊಂಡು ಹೋಗಿ ಕೊಟ್ಟರು. ಅವಳು ಅವರ ಕಾಲು ಮುಟ್ಟಲು ಬಗ್ಗಿದಳು. ಅಷ್ಟು ಅಂಗಿಗಳಲ್ಲಿ ಬಗ್ಗಲಾಗಲಿಲ್ಲ. ಮೂವರೂ ನಕ್ಕುಬಿಟ್ಟೆವು. ಗಾಜಿನ ಆಚೆ ಚೆಕ್-ಇನ್ ಸಾಲಿನಲ್ಲಿ ಅವಳು ಯಾರೂ ಕೇಳುವ ಮೊದಲೇ ಫೋಲ್ಡರನ್ನು ಎದೆಯ ಮೇಲೆ ಹಿಡಿದುಕೊಂಡು ನಿಂತಿದ್ದಳು, ಶಾಲೆಯ ಫೋಟೋಗೆ ಸ್ಲೇಟು ಹಿಡಿದು ನಿಂತ ಮಕ್ಕಳ ಹಾಗೆ. ಕೌಂಟರಿನ ಹುಡುಗ ಅದನ್ನು ನೋಡಲೂ ಇಲ್ಲ. ನಮ್ಮವರು ಅವಳ ಬ್ಯಾಗು ಬೆಲ್ಟಿನ ಮೇಲೆ ಒಳಗೆ ಹೋಗುವವರೆಗೂ ಕದಲಲಿಲ್ಲ.

ಮರುದಿನ ಮೆಸೇಜು ಬಂತು: ತಲುಪಿದೆ, ಮಾತ್ರೆ ತಲುಪಿತು. ಆಮೇಲೆ ಅಲ್ಲಿ ಕರೆಂಟ್ ಬಂದಾಗ ಅವಳ ಮೆಸೇಜುಗಳು ಒಟ್ಟಿಗೆ ಹತ್ತು ಬರುವುದು, ಇಲ್ಲದಿದ್ದರೆ ದಿನಗಟ್ಟಲೆ ಇಲ್ಲ. ನೇತ್ಮಿಯ ಮೊಣಕೈಯ ಫೋಟೋ. ನೆರೆಯವರಿಗೆ ಹಳೆ ಬಟ್ಟೆ ತಿರುವಿ ಹೊಲಿದು ಕೊಡುತ್ತಿದ್ದೇನೆ, ದುಡ್ಡಿಲ್ಲದವರು ತೆಂಗಿನಕಾಯಿ ಕೊಡುತ್ತಾರೆ ಎಂದು ಒಮ್ಮೆ. ಅಂಗಡಿಯಲ್ಲಿ ಸಾಮಾನು ಮೆಲ್ಲಗೆ ಬರುತ್ತಿದೆ, ಬೆಲೆ ಕೇಳಿ ಮುಟ್ಟಿ ವಾಪಸು ಇಡುತ್ತೇವೆ ಎಂದು ಇನ್ನೊಮ್ಮೆ. ಒಯ್ದ ಮಾತ್ರೆ ಎಷ್ಟು ಉಳಿದಿದೆ ಎಂದು ನಾನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಉತ್ತರ ಬರುತ್ತಿರಲಿಲ್ಲ.

ಇಲ್ಲಿಯ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಹೋಗುತ್ತದೆ. ಆ ಅವಧಿ ಮುಗಿಯಲು ಬಂದಾಗ ಹಮೀದಾಕ ನನ್ನನ್ನು ಅಂಗಡಿಯೊಳಗೆ ಕರೆದು ಕೂರಿಸಿದರು. ಅವಳ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು.

“ಶಶಿಯಕ್ಕಾ, ನಿಮ್ಮ ಮಾತು ಅವಳು ಕೇಳ್ತಾಳೆ. ಈ ತಿಂಗಳೊಳಗೆ ಬಂದರೆ ಕೆಲಸ ಉಂಟು, ಟಿಕೆಟ್ ನಾನೇ ಕೊಡ್ತೇನೆ. ಬಾರದಿದ್ದರೆ ಬೇರೆ ಜನ ನೋಡಬೇಕಾಗ್ತದೆ. ನನಗೂ ಅಂಗಡಿ ನಡೀಬೇಕಲ್ಲ. ಒಂದು ಫೋನ್ ಮಾಡಿ ನೋಡಿ.”

ಅಲ್ಲಿಯೇ ಕೂತು ಮಾಡಿದೆ. ತುಂಬ ಹೊತ್ತು ರಿಂಗಾಗಿ ಎತ್ತಿದ್ದು ನೇತ್ಮಿ. ಅವಳ ಸ್ವರವನ್ನು ನಾನು ಕೇಳಿದ್ದು ಅದೇ ಮೊದಲು. ಶಾಲೆಯ ಇಂಗ್ಲಿಷಿನಲ್ಲಿ, ಒಂದೊಂದು ಮಾತನ್ನೂ ಜೋಡಿಸಿಕೊಂಡು ಹೇಳಿದಳು.

“ಅಮ್ಮ ಮನೆಯಲ್ಲಿಲ್ಲ ಆಂಟಿ. ದೊಡ್ಡ ಆಸ್ಪತ್ರೆಗೆ ಮಾತ್ರೆ ಬಂದಿದೆ ಅಂತ ನಿನ್ನೆ ಯಾರೋ ಹೇಳಿದರು. ಸಾಲು ನಿಲ್ಲಲು ಹೋಗಿದ್ದಾರೆ. ಇವತ್ತು ಸಿಗದಿದ್ದರೆ ನಾಳೆಯೂ ನಿಲ್ಲುತ್ತಾರಂತೆ. ನೀವು ಶಶಿ ಅಕ್ಕ ಅಲ್ಲವಾ? ಏನು ಹೇಳಬೇಕು ಅಮ್ಮನಿಗೆ?”

ಹಮೀದಾಕ ನನ್ನ ಮುಖವನ್ನೇ ನೋಡುತ್ತಿದ್ದರು.

“ಏನಿಲ್ಲ ಮಗಾ,” ಎಂದೆ. “ಸುಮ್ಮನೆ ಮಾಡಿದೆ.”

ನಾನು ಫೋನ್ ಇಟ್ಟ ಮೇಲೆ ಅವರು ಮೇಜಿನ ಖಾನೆಯಿಂದ ಒಂದು ದೊಡ್ಡ ಕಾಗದ ತೆಗೆದರು. ಟೈಲರ್ ಬೇಕಾಗಿದ್ದಾರೆ ಎಂದು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಮೊದಲೇ ಬರೆಸಿಟ್ಟಿದ್ದರು. ಗಾಜಿನ ಬಾಗಿಲಿಗೆ ಅಂಟಿಸಲು ಹೋದರೆ ಎಸಿಯ ಗಾಳಿಗೆ ಅದು ನಿಲ್ಲಲೊಲ್ಲದು. ಒಂದು ಮೂಲೆ ಹಚ್ಚಿದರೆ ಇನ್ನೊಂದು ಏಳುತ್ತಿತ್ತು. ನಾನು ಎದ್ದು ಹೋಗಿ ಕೆಳಗಿನ ಎರಡು ಮೂಲೆಗಳನ್ನು ಹಿಡಿದುಕೊಂಡು ನಿಂತೆ. ಹಮೀದಾಕ ಹಲ್ಲಿನಿಂದ ಟೇಪು ಕತ್ತರಿಸಿ ಅಂಟಿಸಿದರು.